ಹಾರೋಹಳ್ಳಿಯ ಕಪ್ಪು ಕಲ್ಲು ಹೇಳುವ ಅಕ್ಷಾಂಶ

ಇಂದಿನ ಸಾಗರಗಳ ತಳದಲ್ಲಿ 18 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದು ತೀರಾ ಅಪರೂಪ. ಭೂಮಿಗೆ 454 ಕೋಟಿ ವರ್ಷ. ಅಂದರೆ ಭೂಮಿಯ ಆಯುಷ್ಯದಲ್ಲಿ ನೂರಕ್ಕೆ ನಾಲ್ಕು ಪಾಲಿನ ಲೆಕ್ಕ ಮಾತ್ರ ಸಮುದ್ರದ ಹತ್ತಿರ ಉಳಿದಿದೆ. ಉಳಿದ ತೊಂಬತ್ತಾರು ಪಾಲನ್ನು ಹುಡುಕಬೇಕಾದರೆ ನೆಲದ ಮೇಲಿನ ಹಳೆಯ ಬಂಡೆಗಳ ಹತ್ತಿರವೇ ಹೋಗಬೇಕು. ಅದರ ಬೆಲೆಬಾಳುವ ತುಣುಕುಗಳು ಕನಕಪುರ ರಸ್ತೆಯಲ್ಲಿ, ಹಾರೋಹಳ್ಳಿಯ ಆಸುಪಾಸಿನಲ್ಲಿ ಬಿದ್ದಿವೆ.

ಸಮುದ್ರದ ಲೆಕ್ಕವೂ ನಮಗೆ ದೂರದ್ದಲ್ಲ. 1962ರಲ್ಲಿ ಬ್ರಿಟಿಷ್ ಹಡಗೊಂದು ಅರಬ್ಬಿ ಸಮುದ್ರದಾಚೆಯ ಕಾರ್ಲ್ಸ್‌ಬರ್ಗ್ ಎಂಬ ಸಾಗರತಳದ ಏಣಿನ ಮೇಲೆ ಕಾಂತಮಾಪಕ ಎಳೆದುಕೊಂಡು ಓಡಾಡಿತು. ಮರುವರ್ಷವೇ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಆ ಅಳತೆಗಳ ಅರ್ಥ ಬಿಡಿಸಿದರು. ಏಣಿನಿಂದ ಉಕ್ಕಿದ ಲಾವಾ ಆರುವಾಗ ಆ ಹೊತ್ತಿನ ಭೂಕಾಂತದ ದಿಕ್ಕನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ. ಕೊನೆಯ ಸಲ ಹಾಗಾಗಿ ಸುಮಾರು 7.8 ಲಕ್ಷ ವರ್ಷವಾಯಿತು. ಹೊಸ ಲಾವಾ ಉಕ್ಕಿದಂತೆ ಹಳೆಯ ತಳ ಎರಡೂ ಕಡೆಗೆ ಸರಿಯುತ್ತದೆ. ಹೀಗಾಗಿ ಏಣಿನ ಎರಡೂ ಮಗ್ಗುಲಲ್ಲಿ ಪಟ್ಟೆ ಪಟ್ಟೆಯಾಗಿ ಸೀದಾ–ತಿರುಗಾ ಗುರುತು ಬೀಳುತ್ತದೆ. ನಮ್ಮ ಕಡೆ ಭೂಕಾಂತದ ಬಲ ಸುಮಾರು 40,000 ನ್ಯಾನೋಟೆಸ್ಲಾ. ಈ ಪಟ್ಟೆಗಳ ಏರಿಳಿತ ಕೆಲವು ನೂರು, ಅಂದರೆ ನೂರಕ್ಕೆ ಒಂದರ ಆಸುಪಾಸು. ಅಷ್ಟು ಸಣ್ಣ ವ್ಯತ್ಯಾಸ ಹಿಡಿದೇ ಏಷ್ಯಾದತ್ತ ಭಾರತದ ಓಟದ ವೇಗ ಗೊತ್ತಾದದ್ದು: ಆರು ಕೋಟಿ ವರ್ಷದ ಹಿಂದೆ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು. ಕೇಳಲು ಇದೇನು ಮಹಾ ಅನ್ನಿಸಬಹುದು. ಅದೇ ವೇಗದಲ್ಲಿ ಒಂದು ಕೋಟಿ ವರ್ಷ ನಡೆದರೆ 1,500 ಕಿಲೋಮೀಟರ್! ಏಷ್ಯಾಕ್ಕೆ ಢಿಕ್ಕಿ ಹೊಡೆದ ಮೇಲೆ ಈ ಓಟ ವರ್ಷಕ್ಕೆ ಐದು ಸೆಂಟಿಮೀಟರಿಗೆ ಇಳಿಯಿತು. ನಡುವೆ ಇದ್ದ ಟೆಥಿಸ್ ಸಾಗರದ ತಳ ಬಹುಪಾಲು ಏಷ್ಯಾದ ಅಡಿಗೆ ಜಾರಿ ಹೋಯಿತು. ಸಾಗರತಳ ಹಳತಾದಂತೆ ತಣಿದು, ಭಾರವಾಗಿ, ಮುಳುಗುತ್ತದೆ. ದಾಖಲೆ 18 ಕೋಟಿಗೇ ನಿಲ್ಲುವುದು ಅದಕ್ಕೇ.

ಈಗ ಹಾರೋಹಳ್ಳಿಗೆ ಬರೋಣ. ಈ ಸೀಮೆಯ ನಸುಗೆಂಪು, ಬೂದು ಬಂಡೆಗಳ ನಡುವೆ ಅಲ್ಲಲ್ಲಿ ಕಡುಕಪ್ಪು ಕಲ್ಲಿನ ಸಾಲುಗಳು ಹಾಯ್ದಿವೆ. ಭೂವಿಜ್ಞಾನಿಗಳು ಡೈಕ್ ಎನ್ನುತ್ತಾರೆ. ಹಳೆಯ ಬಂಡೆ ಸೀಳಿದಾಗ ಆಳದಿಂದ ನುಗ್ಗಿ ಬಂದ ಶಿಲಾಪಾಕ ಆ ಬಿರುಕಿನಲ್ಲೇ ಗಟ್ಟಿಯಾದದ್ದು. ಪೂರ್ವ–ಪಶ್ಚಿಮವಾಗಿ ಹಾಯ್ದ ಮುಖ್ಯ ಗುಂಪಿನ ವಯಸ್ಸು ಸುಮಾರು 236 ಕೋಟಿ ವರ್ಷವೆಂದು 2007ರಲ್ಲಿ ಖಚಿತವಾಯಿತು. ಸಾಗರತಳದ ಅತಿ ಹಳೆಯ ಪಟ್ಟೆಗಿಂತ ಇದು ಹದಿಮೂರು ಪಟ್ಟು ಹಳತು.

ಈ ಕಲ್ಲಿನಿಂದ ದಿಕ್ಕು ತೆಗೆಯುವ ಕೆಲಸ ನೋಡುವಂಥದ್ದು. ಕೈಯಲ್ಲಿ ಹಿಡಿಯುವ ಡ್ರಿಲ್ಲಿಗೆ ವಜ್ರದ ಬಾಯಿ ಹಾಕಿ, ನೀರು ಬಿಡುತ್ತಾ, ಎರಡೂವರೆ ಸೆಂಟಿಮೀಟರ್ ದಪ್ಪದ ದುಂಡು ಕಲ್ಲು ಕೊರೆಯುತ್ತಾರೆ. ಅದನ್ನು ಬಂಡೆಯಿಂದ ಮುರಿದು ತೆಗೆಯುವ ಮೊದಲೇ ಅದರ ವಾಲು, ದಿಕ್ಕು ಎರಡನ್ನೂ ಗುರುತು ಹಾಕಬೇಕು. ಕಲ್ಲೇ ದಿಕ್ಸೂಚಿಯ ಮುಳ್ಳನ್ನು ಎಳೆಯುವುದುಂಟು. ಆದ್ದರಿಂದ ಸೂರ್ಯನ ನೆರಳು ನೋಡಿ ದಿಕ್ಕು ಹಿಡಿಯುತ್ತಾರೆ. ಮುಂದಿನದು ಪ್ರಯೋಗಾಲಯದಲ್ಲಿ. ಕಾಂತಕ್ಷೇತ್ರವೇ ಸುಳಿಯದ ಕುಲುಮೆಯಲ್ಲಿ ಕಲ್ಲನ್ನು ಹಂತಹಂತವಾಗಿ ಕಾಯಿಸಿದರೆ ಈಚಿನ ಗುರುತುಗಳು ಒಂದೊಂದಾಗಿ ಅಳಿಯುತ್ತವೆ. ಮ್ಯಾಗ್ನೆಟೈಟ್ ಖನಿಜ ತನ್ನ ಕಾಂತತ್ವ ಪೂರ್ತಿ ಕಳೆದುಕೊಳ್ಳುವುದು 580 ಡಿಗ್ರಿಯಲ್ಲಿ. ಅದರ ಹೊಸ್ತಿಲವರೆಗೂ ಅಲುಗದೆ ನಿಂತ ದಿಕ್ಕೇ ಕಲ್ಲು ಹುಟ್ಟಿದ ದಿನದ್ದೆಂದು ನಂಬಲು ಬಲವಾದ ಆಧಾರ. ಡೈಕ್ ತನ್ನ ಬಿಸಿಯಿಂದ ಸುಟ್ಟ ಪಕ್ಕದ ಬಂಡೆಯಲ್ಲೂ ಅದೇ ದಿಕ್ಕಿದ್ದರೆ ನಂಬಿಕೆ ಇನ್ನಷ್ಟು ಗಟ್ಟಿ.

236 ಕೋಟಿ ವರ್ಷದ ಈ ಡೈಕ್‌ಗಳಲ್ಲಿ ಕಂಡ ಕಾಂತದಿಕ್ಕು ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಸಮಭಾಜಕದ ಹತ್ತಿರ ಭೂಕಾಂತದ ಗೆರೆ ನೆಲಕ್ಕೆ ಸಮವಾಗಿ ಮಲಗಿರುತ್ತದೆ, ಧ್ರುವದಲ್ಲಿ ನೆಟ್ಟಗಿರುತ್ತದೆ. ವಾಲು 80 ಡಿಗ್ರಿ ಇದ್ದರೆ ಅಕ್ಷಾಂಶ 70ರ ಆಸುಪಾಸು ಎಂದು ಗಣಿತ ಹೇಳುತ್ತದೆ. ಈಗ 12–13 ಡಿಗ್ರಿಯಲ್ಲಿ ರಾಗಿ ಬೆಳೆಯುವ ಕನಕಪುರದ ನೆಲ ಆಗ ಧ್ರುವದ ನೆರೆಯಲ್ಲಿತ್ತು! 57 ಡಿಗ್ರಿಯ ಈ ಅಂತರವೇ 6,000 ಕಿಲೋಮೀಟರ್ ದಾಟುತ್ತದೆ. ಆದರೆ ಕಲ್ಲು ಹೇಳುವುದು ಅಕ್ಷಾಂಶ ಮಾತ್ರ, ರೇಖಾಂಶ ಹೇಳುವುದಿಲ್ಲ. ಅದಕ್ಕೆ ಬೇರೆ ಖಂಡಗಳಲ್ಲಿರುವ ಅದೇ ವಯಸ್ಸಿನ ಡೈಕ್‌ಗಳನ್ನು ಹುಡುಕಿ ತಾಳೆ ನೋಡಬೇಕು.

ತಾಳೆ ನೋಡಲು ವಯಸ್ಸು ಸರಿ ಇರಬೇಕು. ಹಾರೋಹಳ್ಳಿಯಲ್ಲೇ ಇರುವ ಇನ್ನೊಂದು ಗುಂಪಿನ, ಕ್ಷಾರೀಯ ಡೈಕ್‌ಗಳಿಗೆ ಬಹುಕಾಲ ಸುಮಾರು 82 ಕೋಟಿ ವರ್ಷ ಎಂದು ಲೆಕ್ಕವಿತ್ತು. ರೊಡೀನಿಯಾ ಎಂಬ ಮಹಾಖಂಡದಲ್ಲಿ ಭಾರತದ ಜಾಗ ಗೊತ್ತುಮಾಡಲು ಇದು ಆಧಾರವಾಗಿತ್ತು. 2008ರಲ್ಲಿ ಜಿರ್ಕಾನ್ ಹರಳುಗಳಿಂದ ಬಂದ ವಯಸ್ಸು 119 ಕೋಟಿ. ಒಂದೇ ಏಟಿಗೆ 37 ಕೋಟಿ ವರ್ಷ ಹಿಂದಕ್ಕೆ! ಸಾಗರತಳದ ಇಡೀ ಚರಿತ್ರೆಯ ಎರಡು ಪಟ್ಟು ಕಾಲ ಹಾರೋಹಳ್ಳಿಯ ಒಂದು ತಿದ್ದುಪಡಿಯಲ್ಲಿ ಅಡಗಿ ಹೋಯಿತು. ರೊಡೀನಿಯಾ ಒಡೆಯತೊಡಗಿದ ಕಾಲದ್ದು ಎನ್ನಿಸಿದ್ದ ದಿಕ್ಕು, ಅದು ಕೂಡಿಕೊಳ್ಳುವ ಮೊದಲಿನದಾಯಿತು.

ಡೈಕ್‌ಗಳಿಗಿಂತ ಹಿಂದಿನದು ರಾಮನಗರದ ಬೆಟ್ಟಗಳನ್ನೂ ಮಾಗಡಿಯ ಸಾವನದುರ್ಗವನ್ನೂ ಕಟ್ಟಿದ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರನ್ನೇ ಲೋಕದ ಭೂವಿಜ್ಞಾನ ಇಂದಿಗೂ ಬಳಸುತ್ತದೆ. ಸುಮಾರು 251 ಕೋಟಿ ವರ್ಷದ ಈ ಗ್ರಾನೈಟ್ ದಕ್ಷಿಣದಿಂದ ಹಂಪಿಯ ಕಡೆಗೆ 400 ಕಿಲೋಮೀಟರ್ ಉದ್ದಕ್ಕೂ ಹಬ್ಬಿದೆ. ಅದು ಹುಟ್ಟಿದ್ದು ಧಾರವಾಡ ಶಿಲಾಖಂಡದ ಪೂರ್ವ ಮತ್ತು ಪಶ್ಚಿಮ ತುಂಡುಗಳು ಬೆಸೆದುಕೊಂಡ ಕಾಲದಲ್ಲಿ. ಈ ಗ್ರಾನೈಟ್ ಭೂಫಲಕಗಳ ಢಿಕ್ಕಿಯ ಫಲವೋ, ಆಳದಿಂದ ಎದ್ದ ಬಿಸಿಯ ಫಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಚನ್ನಪಟ್ಟಣದಿಂದ ಸಾತನೂರಿನ ಕಡೆ ಹೋಗಿ ಕಬ್ಬಾಳದುರ್ಗದ ಬುಡದಲ್ಲಿ ನಿಂತರೆ ಕಾಲಡಿಯ ಕಲ್ಲು ಒಂದು ಕಾಲಕ್ಕೆ ಸುಮಾರು 20 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಬಿಸಿಯಲ್ಲಿದ್ದದ್ದು. ಅಲ್ಲಿ ಬೂದು ನೈಸ್ ಶಿಲೆ ಹಸಿರುಗಪ್ಪು ಚಾರ್ನೊಕೈಟ್ ಆಗುತ್ತಿರುವುದನ್ನು ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೋಕಕ್ಕೆ ತೋರಿಸಿದರು. ಹಂಪಿಯ ಕಡೆಗೆ ಹೋದಂತೆ ಕಾಣುವುದು ಅದೇ ಭೂಚಿಪ್ಪಿನ ಮೇಲುಮೇಲಿನ ಭಾಗ. ಇಷ್ಟು ಉದ್ದಕ್ಕೆ ಹೀಗೆ ತೆರೆದುಕೊಂಡ ಜಾಗ ಭೂಮಿಯ ಮೇಲೆ ವಿರಳ.

ಡೈಕ್‌ಗಳ ಕರಿಕಲ್ಲಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಇದೆ. ಅಡುಗೆಮನೆಯ ಕಟ್ಟೆಗೂ ಗೋರಿಕಲ್ಲಿಗೂ ಅದೇ ಹೋಗುತ್ತದೆ. ಕ್ವಾರಿಯಿಂದ ಎತ್ತಿದ ಕಲ್ಲಿನ ವಯಸ್ಸನ್ನು ಆಮೇಲೂ ಅಳೆಯಬಹುದು; ಆದರೆ ಜಾಗ ಬಿಟ್ಟು ಕದಲಿದ ಕಲ್ಲಿನ ದಿಕ್ಕು ಮತ್ತೆ ಸಿಗುವುದಿಲ್ಲ. ಲಾಲ್‌ಬಾಗಿನ ಬಂಡೆಗೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಲಾವಾಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ಕೊಟ್ಟ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಹಾರೋಹಳ್ಳಿ–ಕನಕಪುರದ ನಾಲ್ಕಾರು ಡೈಕ್‌ಗಳನ್ನೂ ಆ ಪಟ್ಟಿಗೆ ಸೇರಿಸಲಿ. ಅಲ್ಲಿಯವರೆಗೆ ಕ್ವಾರಿ ನಡೆಸುವವರು ಕರಿಕಲ್ಲು ಅಕ್ಕಪಕ್ಕದ ಬಂಡೆಗೆ ತಾಗುವ ಅಂಚಿನ ಕೆಲವು ಅಡಿಯನ್ನಾದರೂ ಇದ್ದಲ್ಲೇ ಇರಗೊಡಲಿ.