ತಲೆಗೆ ಬಿದ್ದ ಪೆಟ್ಟಿಗೆ ಹಲ್ಲೇ ಸಾಕ್ಷಿ

ಒಂದು ತಂಬಿಗೆಯಲ್ಲಿ ನೀರು ತುಂಬಿ, ಅದರ ಮೇಲೆ ಒಂದು ತುಳಸಿ ಎಲೆ ತೇಲಿಬಿಡಿ. ಈಗ ತಂಬಿಗೆಯನ್ನು ಇಟ್ಟಲ್ಲೇ ಗಕ್ಕನೆ ತಿರುಗಿಸಿ. ತಂಬಿಗೆ ತಿರುಗಿತು. ಎಲೆ? ಅದು ಬಹುಮಟ್ಟಿಗೆ ಇದ್ದಲ್ಲೇ ಉಳಿಯಿತು. ಹೊರಗಿನ ಪಾತ್ರೆಯ ವೇಗಕ್ಕೆ ಒಳಗಿನ ನೀರು ಕೂಡಲೇ ಹೊಂದಿಕೊಳ್ಳಲಿಲ್ಲ.

ನಿಮ್ಮ ತಲೆಬುರುಡೆಯೊಳಗೂ ಹೆಚ್ಚುಕಡಿಮೆ ಇದೇ ಏರ್ಪಾಡು. ಸುಮಾರು ಒಂದು ಕಿಲೋ ಮುನ್ನೂರು ಗ್ರಾಂ ತೂಗುವ ಮಿದುಳು ಗಿಣ್ಣಿನಷ್ಟು ಮೆತ್ತಗಿರುತ್ತದೆ. ಅದರ ಸುತ್ತ ದ್ರವದ ತೆಳುವಾದ ಪದರ. ತಲೆ ಒಮ್ಮೆಲೇ ತಿರುಚಿಕೊಂಡಾಗ ಬುರುಡೆ ಮೊದಲು ತಿರುಗುತ್ತದೆ, ಮಿದುಳು ಕ್ಷಣಾರ್ಧ ತಡವಾಗಿ ಹಿಂಬಾಲಿಸುತ್ತದೆ. ಆ ಕ್ಷಣಾರ್ಧದಲ್ಲಿ ಒಳಗಿನ ನವಿರಾದ ನರತಂತುಗಳು ಜಗ್ಗಿ ಹಿಂಡಿದಂತಾಗುತ್ತವೆ. ವೈದ್ಯರು ಇದನ್ನು ಕಂಕಶನ್ ಎನ್ನುತ್ತಾರೆ. ಮಿದುಳಿನ ಅದುರುಪೆಟ್ಟು ಎಂದುಕೊಳ್ಳಿ.

ಈ ಪೆಟ್ಟಿನ ಮೋಸವಿರುವುದು ಇದು ಕಣ್ಣಿಗೆ ಬೀಳದಿರುವುದರಲ್ಲಿ. ಬುರುಡೆ ಒಡೆದಿರುವುದಿಲ್ಲ, ರಕ್ತ ಸುರಿದಿರುವುದಿಲ್ಲ. ‘ಪ್ರಜ್ಞೆ ತಪ್ಪಲಿಲ್ಲವಲ್ಲ, ಏನೂ ಆಗಿಲ್ಲ ಬಿಡು’ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಕಂಕಶನ್ ಆದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಪ್ರಜ್ಞೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದರೂ ಸಾಮಾನ್ಯವಾಗಿ ‘ನಾರ್ಮಲ್’ ಎಂದೇ ಬರುತ್ತದೆ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಜಗ್ಗಿದ ನರತಂತು ಅದಕ್ಕೆ ಕಾಣುವುದಿಲ್ಲ. ಹಾಗಾದರೆ ಪೆಟ್ಟು ಬಿದ್ದದ್ದನ್ನು ಹೇಳುವವರು ಯಾರು?

ಈ ಪ್ರಶ್ನೆ ಅತಿಯಾಗಿ ಕಾಡಿದ್ದು ರಗ್ಬಿ ಆಟವನ್ನು. ಟಿ.ವಿ.ಯಲ್ಲಿ ನೀವು ಒಮ್ಮೆಯಾದರೂ ನೋಡಿರುತ್ತೀರಿ. ಎರಡೂ ಕಡೆ ಹದಿನೈದು ಹದಿನೈದು ಜನ, ಮೊಟ್ಟೆಯಾಕಾರದ ಚೆಂಡು, ಎಂಬತ್ತು ನಿಮಿಷದ ಆಟ. ಚೆಂಡು ಹಿಡಿದು ಓಡುವವನನ್ನು ಎದುರಾಳಿ ಅಪ್ಪಳಿಸಿ ಕೆಡವುತ್ತಾನೆ. ನಮ್ಮ ಕಬಡ್ಡಿಯ ಪಟ್ಟನ್ನೇ ಪೂರ್ತಿ ಓಟದ ವೇಗದಲ್ಲಿ, ನೂರು ಕಿಲೋ ತೂಗುವ ಆಳುಗಳು ಹಾಕಿದರೆ ಹೇಗಿರುತ್ತದೆ, ಊಹಿಸಿ! ತಲೆಗೆ ಗಟ್ಟಿ ಹೆಲ್ಮೆಟ್ ಇಲ್ಲ. ಕೆಲವರು ಹಾಕುವ ಮೆತ್ತನೆಯ ಟೊಪ್ಪಿಗೆ ಕಿವಿಯನ್ನೂ ಚರ್ಮವನ್ನೂ ಕಾಪಾಡೀತೇ ವಿನಾ ಮಿದುಳನ್ನಲ್ಲ.

2003ರಲ್ಲಿ ಇಂಗ್ಲೆಂಡ್ ತಂಡ ರಗ್ಬಿ ವಿಶ್ವಕಪ್ ಗೆದ್ದಿತು. ಆ ತಂಡದ ಸ್ಟೀವ್ ಥಾಂಪ್ಸನ್ 2020ರ ಡಿಸೆಂಬರಿನಲ್ಲಿ ತಮಗೆ ಡಿಮೆನ್ಶಿಯಾ, ಅಂದರೆ ಮರೆಗುಳಿ ಕಾಯಿಲೆ, ಶುರುವಾಗಿದೆ ಎಂದು ಬಹಿರಂಗವಾಗಿ ಹೇಳಿದರು. ಆಗ ಅವರಿಗೆ ವಯಸ್ಸು ನಲವತ್ತೆರಡು. ವಿಶ್ವಕಪ್ ಗೆದ್ದ ದಿನವೇ ತಮಗೆ ನೆನಪಿಲ್ಲ ಎಂದರು ಅವರು. ಬಳಿಕ ಇತರ ಮಾಜಿ ಆಟಗಾರರೂ ತಮ್ಮ ಕಾಯಿಲೆಯ ವಿಷಯ ಹೇಳಿಕೊಂಡು, ಆಟದ ಆಡಳಿತ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದರು.

ಹಲ್ಲೇ ಏಕೆ?

ತಲೆ ಎಷ್ಟು ಜೋರಾಗಿ ಅಲುಗಿತು ಎಂದು ಅಳೆಯುವ ಪ್ರಯತ್ನ ಹೊಸದಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 2003ರಲ್ಲೇ ತಮ್ಮ ಫುಟ್‌ಬಾಲ್ ತಂಡದ ಹೆಲ್ಮೆಟ್ಟುಗಳೊಳಗೆ ಮಾಪಕಗಳನ್ನು ಕೂರಿಸಿದ್ದರು. ರಗ್ಬಿಯಲ್ಲಿ ಹೆಲ್ಮೆಟ್ಟೇ ಇಲ್ಲವಲ್ಲ! ಕಿವಿಯ ಹಿಂದೆ ಅಂಟಿಸುವ ಬಿಲ್ಲೆಗಳನ್ನು ಪರೀಕ್ಷಿಸಿ ನೋಡಿದರು. ಆದರೆ ಚರ್ಮ ಮೂಳೆಯ ಮೇಲೆ ಜಾರುತ್ತದೆ. ಬಿಲ್ಲೆ ಅಳೆದದ್ದು ತಲೆಯ ಅಲುಗಾಟವೋ ಚರ್ಮದ ಅಲುಗಾಟವೋ ತಿಳಿಯದಾಯಿತು. ಕೊನೆಗೆ ದೃಷ್ಟಿ ಹೋದದ್ದು ಮೇಲಿನ ಸಾಲಿನ ಹಲ್ಲುಗಳ ಕಡೆಗೆ. ಅವುಗಳ ಬೇರು ಬುರುಡೆಗೇ ಬೆಸೆದುಕೊಂಡ ಮೇಲ್ದವಡೆಯ ಮೂಳೆಯಲ್ಲಿ ಭದ್ರವಾಗಿ ಕೂತಿದೆ. ಬುರುಡೆ ಹೇಗೆ ಅಲುಗುತ್ತದೋ ಹಲ್ಲೂ ಹಾಗೇ ಅಲುಗುತ್ತದೆ. ಕೆಳದವಡೆ ಬಾಗಿಲಿನ ಹಾಗೆ ತೆರೆದು ಮುಚ್ಚುವುದರಿಂದ ಈ ಕೆಲಸಕ್ಕೆ ಬಾರದು.

ರಗ್ಬಿ ಆಟಗಾರರು ಹಲ್ಲು ಮುರಿಯದಿರಲೆಂದು ಹೇಗೂ ಮೌತ್‌ಗಾರ್ಡ್ ಎಂಬ ಕವಚ ಕಚ್ಚಿಕೊಂಡಿರುತ್ತಾರೆ. ಅದರೊಳಗೇ ಪುಟ್ಟ ಬ್ಯಾಟರಿ, ನೇರ ಚಲನೆಯ ಏರಿಳಿತ ಅಳೆಯುವ ಆಕ್ಸೆಲರೋಮೀಟರ್, ತಿರುಚುವಿಕೆ ಅಳೆಯುವ ಜೈರೋಸ್ಕೋಪ್ ಅಡಗಿಸಿದ್ದಾರೆ. ಕವಚ ನಿಜವಾಗಿ ಹಲ್ಲಿನ ಮೇಲಿದೆಯೋ ಅಥವಾ ಆಟಗಾರ ಕೈಯಲ್ಲಿ ಹಿಡಿದು ಕುಣಿಸುತ್ತಿದ್ದಾನೋ ಎಂದು ಗುರುತಿಸುವ ಸೆನ್ಸರ್ ಕೂಡ ಉಂಟು. ಅಳತೆಯ ವಿವರ ತಂತಿಯಿಲ್ಲದೆ ಮೈದಾನದಂಚಿನಲ್ಲಿರುವ ವೈದ್ಯರ ಪರದೆಗೆ ತಲುಪುತ್ತದೆ.

ಅಳತೆಯ ಮಾನ ‘ಜಿ’, ಅಂದರೆ ಗುರುತ್ವದ ಸೆಳೆತದ ಎಷ್ಟು ಪಟ್ಟು ಎಂಬ ಲೆಕ್ಕ. ಇದಕ್ಕೆ ಗಾಬರಿಯಾಗಬೇಡಿ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಿತ್ಯದ ಚಲನೆಗಳನ್ನು ಅಳೆದಿದ್ದರು. ಒಂದು ಸೀನಿಗೆ ತಲೆ ಸುಮಾರು 3 ಜಿ ಅಲುಗುತ್ತದೆ, ದೊಪ್ಪೆಂದು ಕುರ್ಚಿಯಲ್ಲಿ ಕುಸಿದು ಕೂತರೆ ಸುಮಾರು 10 ಜಿ! ಹೊಸ ಕವಚ ವೈದ್ಯರನ್ನು ಎಚ್ಚರಿಸಲು 2024ರ ಆರಂಭದಲ್ಲಿ ಇಟ್ಟ ಮಿತಿ ಪುರುಷರಿಗೆ 70 ಜಿ, ಮಹಿಳೆಯರಿಗೆ 55 ಜಿ. ತಿರುಚುವಿಕೆಗೆ ಬೇರೆಯೇ ಮಿತಿ. ತಂಬಿಗೆಯ ಎಲೆ ನೆನಪಿದೆಯಲ್ಲ? ನೇರ ಹೊಡೆತಕ್ಕಿಂತ ಈ ತಿರುಚುವಿಕೆಯೇ ಮಿದುಳಿಗೆ ಹೆಚ್ಚು ಹಾನಿಕರ ಎಂಬುದು ತಜ್ಞರ ಅಭಿಪ್ರಾಯ.

ಹನ್ನೆರಡು ನಿಮಿಷದ ಪರೀಕ್ಷೆ

ವರ್ಲ್ಡ್ ರಗ್ಬಿ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಮಹಿಳೆಯರ ಪಂದ್ಯಾವಳಿಯೊಂದರಲ್ಲಿ ಇದನ್ನು ಬಳಸಿ, 2024ರ ಜನವರಿಯಿಂದ ಉನ್ನತ ಮಟ್ಟದ ಆಟದಲ್ಲಿ ತಲೆಪೆಟ್ಟಿನ ತಪಾಸಣೆಯ ಭಾಗವಾಗಿಸಿತು. ತಯಾರಕರು ಅಮೆರಿಕದ ಪ್ರಿವೆಂಟ್ ಬಯೋಮೆಟ್ರಿಕ್ಸ್. ಎಚ್ಚರಿಕೆ ಬಂದೊಡನೆ ಆಟಗಾರ ಹೊರಬರಬೇಕು. ಹನ್ನೆರಡು ನಿಮಿಷ ಪರೀಕ್ಷೆ: ಒಂದಷ್ಟು ಪದ ಹೇಳಿ ತುಸು ಹೊತ್ತಿನ ಬಳಿಕ ಕೇಳುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಸುವುದು, ‘ಇದು ಯಾವ ಮೈದಾನ, ಕೊನೆಯ ಅಂಕ ಗಳಿಸಿದವರು ಯಾರು’ ಎಂಬಂಥ ಪ್ರಶ್ನೆಗಳು. ಪಾಸಾದರೆ ಮರಳಿ ಆಟ. ಆದರೂ ಪಂದ್ಯ ಮುಗಿದ ಮೇಲೊಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ತಪಾಸಣೆ. ಲಕ್ಷಣಗಳು ತಡವಾಗಿ ಕಾಣಿಸಬಹುದು ಎಂಬ ಕಾರಣಕ್ಕೆ ಈ ಎಚ್ಚರ.

2024ರ ಫೆಬ್ರವರಿಯಲ್ಲಿ ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಟರ್ನರ್ ಹೀಗೆ ಹೊರಬಂದರು. ಅದೇ ತಿಂಗಳು ನ್ಯೂಜಿಲೆಂಡಿನಲ್ಲಿ ಕೆಲವು ಆಟಗಾರರು ಗೊಣಗಿದರು. ನೋಡುವವರಿಗೆ ಏನೂ ಆಗಿಲ್ಲದಂತೆ ಕಂಡ ಆಟಗಾರನನ್ನು ಪಂದ್ಯದ ಬಿಸಿಯಲ್ಲಿ ಹೊರಗೆ ಕರೆದರೆ ಸಿಟ್ಟು ಬಾರದಿದ್ದೀತೇ? ನನಗಂತೂ ಆ ಗೊಣಗಾಟವೇ ಉಪಕರಣದ ಪ್ರಯೋಜನಕ್ಕೆ ಸಾಕ್ಷಿ ಎನಿಸುತ್ತದೆ. ಆಟಗಾರನೂ ತರಬೇತುದಾರನೂ ‘ಪರವಾಗಿಲ್ಲ’ ಎಂದೇ ಹೇಳುತ್ತಾರೆ; ಹಲ್ಲಿಗೆ ಪಂದ್ಯ ಗೆಲ್ಲುವ ಹಂಬಲವಿಲ್ಲ. 2025ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನಲ್ಲಂತೂ ಪೆಟ್ಟು ಮಿತಿ ಮೀರಿದರೆ ಬಾಯೊಳಗೇ ಕೆಂಪು ದೀಪ ಮಿನುಗುವ ಕವಚ ಬಂತು. ಇನ್ನು ರೆಫ್ರಿಗೂ ಗೊತ್ತಾಗುತ್ತದೆ, ಮುಚ್ಚಿಡುವಂತಿಲ್ಲ.

ಆದರೆ ಒಂದು ಮಾತನ್ನು ಚೆನ್ನಾಗಿ ಗಮನಿಸಿ. ಈ ಕವಚ ಅಳೆಯುವುದು ತಲೆಯ ಅಲುಗಾಟವನ್ನು. ಮಿದುಳಿಗೆ ಆದ ಹಾನಿಯನ್ನಲ್ಲ. 80 ಜಿ ಪೆಟ್ಟು ತಿಂದೂ ಒಬ್ಬ ಸರಿಯಾಗಿರಬಹುದು, ಅದರ ಅರ್ಧದಷ್ಟಕ್ಕೇ ಇನ್ನೊಬ್ಬನಿಗೆ ಕಂಕಶನ್ ಆಗಬಹುದು. ಇಷ್ಟು ಜಿ ದಾಟಿದರೆ ಪೆಟ್ಟು ಖಂಡಿತ, ಇಲ್ಲವಾದರೆ ಇಲ್ಲ ಎಂಬ ಗೆರೆ ಯಾವ ವಿಜ್ಞಾನಿಗೂ ಸಿಕ್ಕಿಲ್ಲ. ಆದ್ದರಿಂದ ಗಂಟೆ ಬಾರಿಸಿದರೆ ಪರೀಕ್ಷೆ ಮಾಡಲೇಬೇಕು. ಬಾರಿಸಲಿಲ್ಲವೆಂದು ತಲೆ ಸುತ್ತುತ್ತಿರುವವನನ್ನು ಆಡಲು ಬಿಡಲೇಬಾರದು. ಪೆಟ್ಟನ್ನು ಈ ಕವಚ ತಡೆಯುವುದೂ ಇಲ್ಲ. ಅದು ಕಾಯುವುದು ಹಲ್ಲನ್ನು ಮಾತ್ರ.

ಕವಚದ ಇನ್ನೊಂದು ಉಪಯೋಗ ಸದ್ದಿಲ್ಲದ್ದು, ನನ್ನ ಮಟ್ಟಿಗೆ ಅದೇ ದೊಡ್ಡದು. ಮಿದುಳಿಗೆ ಮುಂದೆ ಬರುವ ಕಾಯಿಲೆಗೆ ಒಂದೆರಡು ಭಾರಿ ಹೊಡೆತಗಳಿಗಿಂತ, ವರ್ಷಾನುಗಟ್ಟಲೆ ಬೀಳುವ ನೂರಾರು ಸಣ್ಣ ಪೆಟ್ಟುಗಳ ಒಟ್ಟು ಮೊತ್ತವೇ ಕಾರಣವಿರಬಹುದು ಎಂದು ಈಚಿನ ಅಧ್ಯಯನಗಳು ಸೂಚಿಸುತ್ತವೆ. ಆ ಪೆಟ್ಟುಗಳಲ್ಲಿ ಕೆಲವು ಬೀಳುವುದು ಅಭ್ಯಾಸದಲ್ಲಿ. ಪೂರ್ಣ ಬಲದ ಹಣಾಹಣಿ ಅಭ್ಯಾಸ ವಾರಕ್ಕೆ ಹದಿನೈದು ನಿಮಿಷ ಮೀರದಿರಲಿ ಎಂದು ವರ್ಲ್ಡ್ ರಗ್ಬಿ 2021ರಲ್ಲೇ ಸಲಹೆ ಕೊಟ್ಟಿದೆ. ಯಾರ ತಲೆಗೆ ವಾರದಲ್ಲಿ ಎಷ್ಟು ಬಿತ್ತು ಎಂಬ ಲೆಕ್ಕಪುಸ್ತಕ ಈಗ ಹಲ್ಲಿನಲ್ಲೇ ಇದೆ.

ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಇಂಗ್ಲೆಂಡುಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಶಾಲೆಯಲ್ಲಿ ಈ ಆಟ ಆಡುವುದುಂಟು. ಊರಲ್ಲಿರುವ ಅಜ್ಜ ಅಜ್ಜಿಯರಿಗೆ ಆತಂಕ ಸಹಜ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ ಊರಿನ ಕ್ಲಬ್ಬುಗಳ ಮತ್ತು ಕಿರಿಯರ ತಂಡಗಳ ಆಟಗಾರರಿಗೆ ಇಂಥ ಕವಚ ತೊಡಿಸಿ ನಡೆಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂತು. ದಾಖಲಾದ ಅಲುಗಾಟಗಳಲ್ಲಿ ಶೇಕಡಾ 86ರಷ್ಟು, ಓಡುವಾಗ, ಜಿಗಿಯುವಾಗ ಆಗುವಷ್ಟೇ ಅಥವಾ ಅದಕ್ಕಿಂತ ಕಡಿಮೆ. ಇದು ಸಮಾಧಾನದ ಸಂಗತಿ. ಉಳಿದ ಶೇಕಡಾ 14ರ ಬಗ್ಗೆ ಎಚ್ಚರ ಬೇಕು.

ನಮ್ಮ ಮನೆಗಳಲ್ಲಿ

‘ಹಾಗಾದರೆ ಮಗನಿಗೆ ಇಂಥದೊಂದು ಕೊಡಿಸೋಣವೇ?’ ಎಂದು ನೀವು ಕೇಳಬಹುದು. ಅಗತ್ಯವಿಲ್ಲ. ಅದನ್ನು ಓದಿ ಅರ್ಥೈಸುವ ವೈದ್ಯರು ಪಕ್ಕದಲ್ಲಿಲ್ಲದಿದ್ದರೆ ಅದು ಬರಿಯ ಹಲ್ಲಿನ ಕವಚ. ನಮ್ಮಲ್ಲಿ ತಲೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ಬೈಕಿನಿಂದ, ಮೆಟ್ಟಿಲಿನಿಂದ, ಕಬಡ್ಡಿ ಅಂಕಣದಲ್ಲಿ, ಕ್ರಿಕೆಟ್ ಚೆಂಡಿನಿಂದ. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜ ಹೆಲ್ಮೆಟ್ಟಿಗೆ ಚೆಂಡು ಬಡಿದ ಮೇಲೂ ಬ್ಯಾಟ್ ಮಾಡಿ ಮುಗಿಸಿದ್ದರು. ತಲೆ ಸುತ್ತಿದ್ದು ಡ್ರೆಸ್ಸಿಂಗ್ ರೂಮಿಗೆ ಬಂದ ನಂತರ. ಬದಲಿಗೆ ಇಳಿದ ಚಾಹಲ್ ಮೂರು ವಿಕೆಟ್ ಕಿತ್ತರೆಂಬುದು ಎಲ್ಲರಿಗೂ ನೆನಪಿದೆ, ಅವರು ಇಳಿದದ್ದೇಕೆ ಎಂಬುದು ಮರೆತಿದೆ.

2011ರಲ್ಲಿ ಉತ್ತರ ಐರ್ಲೆಂಡಿನ ಶಾಲಾ ರಗ್ಬಿ ಪಂದ್ಯವೊಂದರಲ್ಲಿ 14 ವರ್ಷದ ಬಾಲಕ ತಲೆಗೆ ಪೆಟ್ಟು ಬಿದ್ದ ಮೇಲೂ ಆಟ ಮುಂದುವರಿಸಿದ. ಮತ್ತೆ ಪೆಟ್ಟು ಬಿತ್ತು. ಕುಸಿದ ಹುಡುಗ ಬದುಕಲಿಲ್ಲ. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳದ ಮಿದುಳಿಗೆ ಎರಡನೆಯದು ಬಿದ್ದರೆ ಅದು ಒಮ್ಮೆಲೇ ಊದಿಕೊಳ್ಳಬಹುದು. ಅಪರೂಪ, ಆದರೆ ಮಾರಕ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಈ ಅಪಾಯ ಹೆಚ್ಚು.

ಆದ್ದರಿಂದ ಪೆಟ್ಟು ಬಿದ್ದವನ ಮುಖಕ್ಕೆ ನೀರು ಚಿಮುಕಿಸಿ, ಸೋಡಾ ಕುಡಿಸಿ ಮತ್ತೆ ಅಂಕಣಕ್ಕೆ ಕಳಿಸುವ ಪದ್ಧತಿ ಬಿಡಿ. ಕಣ್ಣು ಮಂಜಾಗುವುದು, ತೂರಾಡುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಬೆಳಕು ಸಹಿಸದಿರುವುದು, ಕಾರಣವಿಲ್ಲದೆ ಅಳುವುದು ಅಥವಾ ಸಿಡುಕುವುದು, ಇವುಗಳಲ್ಲಿ ಒಂದು ಕಂಡರೂ ಅಂದಿನ ಆಟ ಮುಗಿಯಿತು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕೈಕಾಲು ಸೋಲುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು ಅಥವಾ ರಕ್ತ ಸೋರುವುದು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕತ್ತು ನೋವೆಂದರೆ ಅಲುಗಾಡಿಸಬೇಡಿ.

ನಿದ್ದೆ ಮಾಡಲು ಬಿಡಬಾರದೆಂಬ ನಂಬಿಕೆ ನಮ್ಮಲ್ಲಿದೆ. ವೈದ್ಯರು ನೋಡಿ ಅಪಾಯವಿಲ್ಲ ಎಂದ ಮೇಲೆ ಮಲಗಲಿ. ಮೊದಲ ಇಪ್ಪತ್ತನಾಲ್ಕು ಗಂಟೆ ಮಾತ್ರ ಯಾರಾದರೂ ಜೊತೆಗಿರಬೇಕು. ಒಂದೆರಡು ದಿನ ವಿಶ್ರಾಂತಿ, ಮೊಬೈಲು ಟಿ.ವಿ. ಮಿತ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಬೇಡ, ನಿಧಾನವಾಗಿ ಓಡಾಡಲಿ. ಮೊದಲು ಶಾಲೆ, ಆಮೇಲೆ ಆಟ. ಬ್ರಿಟನ್ನಿನಲ್ಲಿ 2023ರಲ್ಲಿ ಪ್ರಕಟವಾದ ಮಾರ್ಗಸೂಚಿ, ಊರಿನ ಕ್ಲಬ್ಬು ಶಾಲೆಗಳ ಆಟಗಾರರು 21 ದಿನಕ್ಕೆ ಮೊದಲು ಪಂದ್ಯಕ್ಕೆ ಇಳಿಯಬಾರದೆನ್ನುತ್ತದೆ. ನಾವೂ ಅದನ್ನೇ ಅನುಸರಿಸಬಹುದು.

ಡಾಕ್ಟರ ಬಳಿ ಹೋಗುವಾಗ ಪೆಟ್ಟು ಬಿದ್ದ ಗಂಟೆ, ಎಷ್ಟು ಸಲ ವಾಂತಿಯಾಯಿತು, ಯಾವ ಮಾತ್ರೆ ಕೊಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಏಟು ಬೀಳುವುದನ್ನು ಕಣ್ಣಾರೆ ಕಂಡವರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಏಟು ತಿಂದವನನ್ನೇ ಕೇಳಿದರೆ ಅವನಿಗೆ ನೆನಪಿರಲಿಕ್ಕಿಲ್ಲ.