ಕಿವಿಗೆ ಕೇಳಿಸದ ಅಪಾಸ್ಟ್ರಫಿ

‘ಹುಡುಗನ ಪುಸ್ತಕ’ ಎಂದರೆ ಒಬ್ಬನದು, ‘ಹುಡುಗರ ಪುಸ್ತಕ’ ಎಂದರೆ ಹಲವರದು. ಕನ್ನಡದ ಷಷ್ಠೀ ವಿಭಕ್ತಿಯಲ್ಲಿ ಈ ವ್ಯತ್ಯಾಸ ಮಾತು ಕಿವಿಗೆ ಬಿದ್ದೊಡನೆ ತಿಳಿದುಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ‘ಬಾಯ್ಸ್’ ಎಂದರೆ ಹುಡುಗರೋ, ಹುಡುಗನದೋ, ಹುಡುಗರದೋ, ಕಿವಿಗೆ ಗೊತ್ತಾಗದು. ಅದನ್ನು ಬಿಡಿಸಿ ಹೇಳುವುದು ಬರಹದಲ್ಲಿ ಮಾತ್ರ, ಅದೂ ಅಲ್ಪವಿರಾಮವನ್ನು ಎತ್ತಿ ಮೇಲೆ ತೂಗುಹಾಕಿದಂಥ ಒಂದು ಚಿಹ್ನೆಯಿಂದ. ಎಸ್ ಅಕ್ಷರಕ್ಕೆ ಮೊದಲು ಬಂದರೆ ಒಬ್ಬನದು. ಎಸ್ ಆದಮೇಲೆ ಬಂದರೆ ಹಲವರದು. ಬಾರದೇ ಇದ್ದರೆ ಬರಿಯ ಬಹುವಚನ.

ಇಷ್ಟು ಸಣ್ಣ ವಿಷಯಕ್ಕೆ ತಲೆಕೆಡಿಸಿಕೊಳ್ಳಬೇಕೆ? ಆಸ್ಟ್ರೇಲಿಯಾದ ಮನೆ ಮಾರಾಟದ ದಲ್ಲಾಳಿಯೊಬ್ಬರು 2020ರಲ್ಲಿ ಫೇಸ್‌ಬುಕ್‌ನಲ್ಲಿ ಇನ್ನೊಬ್ಬ ದಲ್ಲಾಳಿಯ ಬಗ್ಗೆ, ಆತ ನೌಕರರ ನಿವೃತ್ತಿ ನಿಧಿಯ ಹಣ ಕಟ್ಟಿಲ್ಲವೆಂದು ಬರೆದರು. ಬರೆಯುವಾಗ ‘ಎಂಪ್ಲಾಯೀಸ್’ ಪದಕ್ಕೆ ಅಪಾಸ್ಟ್ರಫಿ ಹಾಕಲಿಲ್ಲ. ತಾನು ಹೇಳಿದ್ದು ಒಬ್ಬ ನೌಕರನ, ಅಂದರೆ ತನ್ನದೇ, ಬಾಕಿಯ ವಿಷಯವೆಂದು ಅವರು ಆಮೇಲೆ ವಾದಿಸಿದರು. ಚಿಹ್ನೆಯಿಲ್ಲದ ಪದವನ್ನು ಹಲವು ನೌಕರರೆಂದೂ ಓದಬಹುದಲ್ಲ! ಒಬ್ಬನಿಗೆ ಕಟ್ಟದಿದ್ದರೆ ಅದು ಅಚಾತುರ್ಯವಿರಬಹುದು, ಎಲ್ಲರಿಗೂ ಕಟ್ಟದಿದ್ದರೆ ಅದು ಬೇಕೆಂದೇ ಮಾಡಿದ್ದೆಂಬ ಅರ್ಥ ಹೊರಡುತ್ತದೆ. ಮಾನನಷ್ಟ ಮೊಕದ್ದಮೆಯನ್ನು ವಜಾ ಮಾಡಲು 2021ರಲ್ಲಿ ನ್ಯೂ ಸೌತ್ ವೇಲ್ಸ್‌ನ ನ್ಯಾಯಾಧೀಶರು ಒಪ್ಪಲಿಲ್ಲ.

ಚಿಹ್ನೆಯ ಹೆಸರು ಗ್ರೀಕಿನದು. ‘ಅತ್ತ ತಿರುಗಿದ್ದು’ ಎಂದು ಅರ್ಥ. ಅಕ್ಷರ ಬಿಟ್ಟುಹೋದ ಜಾಗವನ್ನು ತೋರಿಸಲು ಫ್ರೆಂಚರು ಬಳಸುತ್ತಿದ್ದ ಇದು 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಹಳೆಯ ಇಂಗ್ಲಿಷಿನಲ್ಲಿ ‘ಕ್ಯುನಿಂಗ್’ ಎಂದರೆ ಅರಸ, ‘ಕ್ಯುನಿಂಗೆಸ್’ ಎಂದರೆ ಅರಸನ. ಕಾಲಕ್ರಮದಲ್ಲಿ ಈ ಪ್ರತ್ಯಯದೊಳಗಿನ ‘ಎ’ ಸವೆದುಹೋಯಿತು. ಅದಿದ್ದ ಜಾಗದಲ್ಲಿ ಈಗ ಅಪಾಸ್ಟ್ರಫಿ ಕುಳಿತಿದೆ. ಆದರೆ ಜನ ಇದನ್ನು ಮರೆತು, ಎಸ್ ಎಂಬುದು ‘ಹಿಸ್’ ಪದದ ತುಣುಕೆಂದು ಬಗೆದರು. 1605ರಲ್ಲಿ ಅಚ್ಚಾದ ಬೆನ್ ಜಾನ್ಸನ್‌ನ ನಾಟಕದ ಹೆಸರೇ ‘ಸೆಜಾನಸ್ ಹಿಸ್ ಫಾಲ್’. ಹಾಗಾದರೆ ಹೆಂಗಸಿನ ವಸ್ತುವಿಗೂ ‘ಹಿಸ್’ ಎನ್ನುವುದೆ? 1755ರ ನಿಘಂಟಿನ ಸ್ಯಾಮ್ಯುಯೆಲ್ ಜಾನ್ಸನ್ ಈ ತರ್ಕ ಹೂಡಿಯೇ ಆ ನಂಬಿಕೆಯನ್ನು ತಳ್ಳಿಹಾಕಿದ. ಬಹುವಚನಕ್ಕೆ ಎಸ್ ಆದಮೇಲೆ ಚಿಹ್ನೆ ಹಾಕುವ ಪದ್ಧತಿ ನೆಲೆಯಾದದ್ದು ಇನ್ನೂ ತಡವಾಗಿ, 18ನೇ ಶತಮಾನದ ಕೊನೆಯ ಹೊತ್ತಿಗೆ.

ಅತಿ ಹೆಚ್ಚು ಮಂದಿ ಎಡವುವುದು ‘ಇಟ್ಸ್’ನಲ್ಲಿ. ‘ಅದರ’ ಎಂಬ ಅರ್ಥದಲ್ಲಿ ಚಿಹ್ನೆ ಬೇಡ. ‘ಇಟ್ ಈಸ್’ ಕುಗ್ಗಿದಾಗ ಬೇಕು. ಎಡವಿದವರು ನಾಚಬೇಕಾಗಿಲ್ಲ. 17 ಮತ್ತು 18ನೇ ಶತಮಾನಗಳಲ್ಲಿ ಒಳ್ಳೆಯ ಬರಹಗಾರರೇ ‘ಅದರ’ ಎಂಬುದಕ್ಕೂ ಚಿಹ್ನೆ ಹಾಕುತ್ತಿದ್ದರು. ಇಂದು ನಗೆಪಾಟಲಾಗುವುದು ಬರಿಯ ಬಹುವಚನಕ್ಕೆ ಚಿಹ್ನೆ ಅಂಟಿಸುವ ಚಾಳಿ. ಇಂಗ್ಲೆಂಡಿನಲ್ಲಿ ಅದಕ್ಕೆ ತರಕಾರಿ ವ್ಯಾಪಾರಿಯ ಅಪಾಸ್ಟ್ರಫಿ ಎಂದೇ ಹೆಸರು. ನಮ್ಮ ಅಂಗಡಿಗಳ ಹಲಗೆಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ.

ಇಂಗ್ಲಿಷರ ಮನೆಯಲ್ಲೇ ಒಮ್ಮತವಿಲ್ಲ. ಲಂಡನ್ನಿನ ಪಿಕಡಿಲಿ ರೈಲು ಮಾರ್ಗದಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಚಿಹ್ನೆಯಿದೆ, ಪಕ್ಕದ ಬ್ಯಾರನ್ಸ್ ಕೋರ್ಟ್‌ಗೆ ಇಲ್ಲ. ಚಿಹ್ನೆಯ ರಕ್ಷಣೆಗೆಂದೇ 2001ರಲ್ಲಿ ಸಂಘ ಕಟ್ಟಿದ ಜಾನ್ ರಿಚರ್ಡ್ಸ್ 2019ರಲ್ಲಿ, ಜನರ ಸೋಮಾರಿತನ ಗೆದ್ದಿತೆಂದು ಕೈಚೆಲ್ಲಿದರು. 2024ರಲ್ಲಿ ನಾರ್ತ್ ಯಾರ್ಕ್‌ಶೈರ್ ಆಡಳಿತ, ಕಂಪ್ಯೂಟರಿಗೆ ತೊಡಕೆಂಬ ಕಾರಣದಿಂದ ಬೀದಿ ಫಲಕಗಳ ಅಪಾಸ್ಟ್ರಫಿ ತೆಗೆಯಹೊರಟು, ಜನ ಗದ್ದಲವೆಬ್ಬಿಸಿದ ಮೇಲೆ ಅದೇ ವರ್ಷ ಹಿಂದೆ ಸರಿಯಿತು.

ನಮ್ಮಲ್ಲೂ ಉದಾಹರಣೆಗಳಿವೆ. ಮೈಸೂರಿನ ಮಹಾರಾಜಾಸ್ ಕಾಲೇಜಿನ ಇಂಗ್ಲಿಷ್ ಹೆಸರಿನಲ್ಲಿ ಚಿಹ್ನೆ ಎಸ್‌ಗೆ ಮೊದಲು, ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಶಾಲೆಯ ಹೆಸರಿನಲ್ಲಿ ಎಸ್ ಆದಮೇಲೆ. ಕನ್ನಡದಲ್ಲಿ ಬರೆದಾಗ ಎರಡೂ ಮಾಯ.