ಕಾಗದದ ಕಣ, ಕಂಪ್ಯೂಟರಿನ ಕಣ

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತು. ಈಗಿಲ್ಲ. ಇತ್ತೆಂಬುದಕ್ಕೆ ಸಾಕ್ಷಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದ ಛಾಯಾಚಿತ್ರ.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಬೆಳಕು ಆ ಕಾಗದವನ್ನು ಹಾಯ್ದೇ ಪ್ರತಿ ಮೂಡಬೇಕು. ಹಾಗಾಗಿ ಕಾಗದದ ನಾರಿನ ನೆರಳೂ ಕಣಕಣವಾಗಿ ಚಿತ್ರಕ್ಕೆ ಇಳಿಯುತ್ತಿತ್ತು. ಮೇಣದಿಂದ ಕಾಗದ ಪಾರದರ್ಶಕವಾಗಿ ಈ ಕಾಟ ತಗ್ಗುತ್ತಿತ್ತೇ ಹೊರತು ಪೂರ್ತಿ ಹೋಗುತ್ತಿರಲಿಲ್ಲ.

ಅಂದು ಕಳೆಯಲು ಹೆಣಗಿದ್ದನ್ನು ಇಂದು ಬೇಕೆಂದೇ ಸೇರಿಸುತ್ತಾರೆ. ಫೋಟೊ ತಿದ್ದುವ ತಂತ್ರಾಂಶವು ಪಿಕ್ಸೆಲ್ ಎಂಬ ಒಂದೊಂದು ಚುಕ್ಕೆಯ ಹೊಳಪನ್ನೂ ಗೊತ್ತುಗುರಿಯಿಲ್ಲದೆ ತುಸು ಏರಿಸಿ ಇಳಿಸುತ್ತದೆ. ಇದಕ್ಕೆ 'ನಾಯ್ಸ್' ಎಂದು ಹೆಸರು; ಕಿವಿಯದಲ್ಲ, ಕಣ್ಣಿನ ಗದ್ದಲ. ಇದು ಬರಿಯ ಷೋಕಿಯೂ ಅಲ್ಲ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿಗಳಿಗೆ ತಲಾ 256 ಮೆಟ್ಟಿಲುಗಳಷ್ಟೇ ಇರುತ್ತವೆ. ಮಾತಂಗ ಬೆಟ್ಟದಿಂದ ತೆಗೆದ ಮುಂಜಾನೆಯ ಆಕಾಶವನ್ನು ಹೆಚ್ಚು ತಿದ್ದಿದರೆ ಈ ಮೆಟ್ಟಿಲುಗಳು ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತವೆ. ಚಿಟಿಕೆಯಷ್ಟು ನಾಯ್ಸ್ ಬೆರೆಸಿದರೆ ಪಟ್ಟೆಗಳ ಅಂಚು ಕದಡಿ ಆಕಾಶ ನುಣುಪಾಗುತ್ತದೆ. ಒರಟನ್ನು ಸೇರಿಸಿ ನುಣುಪು ಪಡೆಯುವ ವಿಚಿತ್ರವಿದು.

ಹಳೆಯದೆಂಬ ಸೋಗಿಗೆ ಬಳಸಿದರೆ ಮಾತು ಬೇರೆ. ಕಂದು ಬಣ್ಣ ಬಳಿದು ಕಣ ಉದುರಿಸಿದರೆ ನಿನ್ನೆಯ ಚಿತ್ರವೂ ನೂರು ವರ್ಷದ್ದೆನಿಸೀತು. ಹಂಪಿಯಂಥ ಕಡೆ ಇದು ಸಣ್ಣ ಮೋಸವಲ್ಲ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ ಅವೇ ನೋಟಗಳನ್ನು ಮತ್ತೆ ಸೆರೆಹಿಡಿದರು. ಯಾವ ಗೋಡೆ ಬಿತ್ತು, ಯಾವ ಶಿಖರ ಮಾಯವಾಯಿತು ಎಂಬ ಲೆಕ್ಕ ಸಿಗುವುದು ಈ ಜೋಡಿಗಳನ್ನು ಪಕ್ಕಪಕ್ಕ ಇಟ್ಟಾಗಲೇ.